ಶಾಲೆಯಿಂದ ಆ ಮನೆಗೆ ಎಷ್ಟು ಮೀಟರ್

ಪೊಲೀಸ್ ಠಾಣೆಯ ಫೌಜದಾರರ ಪತ್ರದಲ್ಲಿ ಇದ್ದದ್ದು ಮೂರೇ ಸಾಲು. ನಿಪ್ಪಾಣಿಯ ಆಚೆಗಿನ ಒಂದು ಊರಿನ ಹೆಣ್ಣುಮಕ್ಕಳ ಕನ್ನಡ ಶಾಲೆಯಿಂದ ಅದೇ ಊರಿನ ಒಂದು ಮನೆಯವರೆಗೆ ನೇರ ಅಂತರ ಎಷ್ಟು ಮೀಟರ್ ಎಂದು ಅಳೆಯಬೇಕು, ಸಹಿ ಮಾಡಿದ ನಕಾಶೆಯೊಂದಿಗೆ ವಾರದೊಳಗೆ ಕಳಿಸಬೇಕು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಸರಕಾರಿ ಭೂಮಾಪಕ. ನನ್ನ ಮೇಜಿನ ಮೇಲೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವ ವಾಟ್ನಿ, ಹೊಲದ ಗಡಿಯ ಬಾಂದಿನ ಜಗಳ, ಬಾವಿಗೆ ಹೋಗುವ ಹಾದಿ, ಇಂಥ ಅರ್ಜಿಗಳೇ ಬಿದ್ದಿರುತ್ತಿದ್ದವು. ಶಾಲೆಗೂ ಒಂದು ಮನೆಗೂ ನಡುವಿನ ಅಂತರ ಪೊಲೀಸರಿಗೆ ಯಾಕೆ ಬೇಕು ಎಂದು ನನಗೆ ತಿಳಿಯಲಿಲ್ಲ. ಠಾಣೆಗೇ ಹೋಗಿ ಕೇಳಿದೆ.

ಫೌಜದಾರರು ಬಾಗಿಲು ಮುಂದಕ್ಕೆಳೆದು ಕೂತರು. "ಕಾಯ್ದೆ ಈಗ ಬಿಗಿ ಆಗೇತ್ರಿ. ಸಾಲಿಯಿಂದ ಇನ್ನೂರ ಮೀಟರ್ ಒಳಗ ಹೆಣ್ಣಮಕ್ಕಳನ್ನ ಮಾರೂ ಮನಿ ಇತ್ತು, ಅದರಾಗ ಸಣ್ಣ ಹುಡುಗಿ ಸಿಕ್ಕಳು ಅಂದ್ರ ಏಳ ವರ್ಷಕ್ಕ ಕಡಿಮಿ ಶಿಕ್ಷಾ ಇಲ್ಲ. ಅಷ್ಟ ಅಲ್ಲ, ಮ್ಯಾಜಿಸ್ಟ್ರೇಟ್ ಸಾಹೇಬ್ರು ಕೇಸ ಮುಗಿಯೂತನಕ ಕಾಯಬೇಕಂತಿಲ್ಲ. ಏಳ ದಿನದಾಗ ಮನಿ ಖಾಲಿ ಮಾಡಿಸಿ ಕೀಲಿ ಹಾಕಸಬಹುದು."

"ಇನ್ನೂರರ ಹೊರಗ ಆತಂದ್ರ?"

"ಹೊರಗ ಆತಂದ್ರ ಕೇಸ ವರ್ಷಾನುಗಟ್ಲೆ ಜಗ್ಗತೈತಿ. ಈಗ ಹಿಡದ ಹಾಕಿದ ಆ ಮನಿ ಹೆಂಗಸ ಜಾಮೀನ ಮ್ಯಾಲೆ ಬಂದು ಅದ ಕಟ್ಟಿ ಮ್ಯಾಲೆ ಕೂತು ಮತ್ತ ಬಳಿ ಮಾರತಾಳ. ಪೂರಾ ನಿಮ್ಮ ಅಳತಿ ಸರಪಳಿ ಮ್ಯಾಲೆ ನಿಂತೈತ್ರಿ."

ನನ್ನ ಸರಪಳಿಯ ಮೇಲೆ ಏನಾದರೂ ನಿಂತಿದೆ ಎಂದು ಯಾರಾದರೂ ಹೇಳಿದರೆ ನನಗೆ ಆಗ ಎದೆ ಉಬ್ಬುತ್ತಿತ್ತು. ಮರುದಿನವೇ ಹೊರಟೆ. ಜೊತೆಗೆ ಸರಪಳಿ ಎಳೆಯುವ ಕಬ್ಬೂರಿನ ಮಾಮಾ. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಮನುಷ್ಯ. ಮುಂಬಯಿ ರಾಜ್ಯದ ಕಾಲದಲ್ಲಿ ಕೆಲಸ ಕಲಿತವನಾದ್ದರಿಂದ ಮಾತೆಲ್ಲ ಕನ್ನಡದಲ್ಲಿ, ಎಣಿಕೆ ಮಾತ್ರ ಮರಾಠಿಯಲ್ಲಿ. ಅವನ ಬಾಯಲ್ಲಿ ಹನ್ನೊಂದು ಎಂಬ ಶಬ್ದವನ್ನು ನಾನು ಒಮ್ಮೆಯೂ ಕೇಳಿಲ್ಲ. ಅಕರಾ ಎಂದೇ ಅನ್ನುತ್ತಿದ್ದ.

ಶಾಲೆಯ ಮುಖ್ಯಾಧ್ಯಾಪಕಿಯನ್ನು ಊರೆಲ್ಲ ದೊಡ್ಡಕ್ಕೋರು ಎನ್ನುತ್ತಿತ್ತು. ಗಿಡ್ಡ ಮೈಕಟ್ಟು, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ ನೂಲಿನ ಸೀರೆ, ಊರ ಆ ತುದಿಗೂ ಮುಟ್ಟುವ ದನಿ. ನನ್ನನ್ನು ಕೂರಿಸಿ, ಚಹಾ ತರಿಸಿ, ನಡೆದದ್ದನ್ನು ಅವರೇ ಹೇಳಿದರು.

ಮಾವಶಿ ಎಂದು ಎಲ್ಲರೂ ಕರೆಯುತ್ತಿದ್ದ ಹೆಂಗಸೊಬ್ಬಳು ವರ್ಷದ ಹಿಂದೆ ಶಾಲೆಯ ಹಾದಿಯಲ್ಲಿ ಮನೆ ಹಿಡಿದಿದ್ದಳು. ಬಿಡುವಿನ ಹೊತ್ತಿಗೆ ಕಟ್ಟೆಯ ಮೇಲೆ ಬಳೆ, ರಿಬ್ಬನ್ನು, ಪೆಪ್ಪರಮೆಂಟು ಹರವಿ ಕೂರುತ್ತಿದ್ದಳು. ಯಾವ ಹುಡುಗಿಯ ತಾಯಿ ನಸುಕಿನಲ್ಲೇ ಕಬ್ಬಿನ ಕಳೆ ತೆಗೆಯಲು ಹೋಗುತ್ತಾಳೆ, ಯಾರ ಮನೆಯಲ್ಲಿ ಅಪ್ಪ ಇಲ್ಲ ಎಂಬುದೆಲ್ಲ ಆಕೆಗೆ ಬಾಯಿಪಾಠ. ಏಳನೇ ಇಯತ್ತೆಯ ಒಂದು ಹುಡುಗಿಗೆ, ಗಡಿಯಾಚೆಯ ಪಟ್ಟಣದ ದೊಡ್ಡ ಮನೆಯಲ್ಲಿ ಕೂಸು ಆಡಿಸುವ ಕೆಲಸ ಇದೆ, ಹಬ್ಬಕ್ಕೆ ಬಂದು ಹೋಗಬಹುದು ಎಂದು ಆಸೆ ಹಚ್ಚಿದ್ದಳು. ಒಂದು ಶನಿವಾರ ಬೆಳಗಿನ ಶಾಲೆಯಲ್ಲಿ ಹಾಜರಿ ಕೂಗುವಾಗ ಆ ಹುಡುಗಿಯ ಹೆಸರಿಗೆ ಉತ್ತರ ಬರಲಿಲ್ಲ. ಹಿಂದಿನ ಸಾಲಿನವಳೊಬ್ಬಳು ಎದ್ದು ನಿಂತು, "ಆಕಿ ಮಾವಶಿ ಮನ್ಯಾಗ ಅದಾಳ್ರಿ ಅಕ್ಕೋರ, ಮಧ್ಯಾಹ್ನ ಜೀಪ ಬರತೈತಂತ" ಎಂದಳು.

"ಕೈಯಾಗ ಬೋರ್ಡಿಗೆ ಬರಿಯೂ ಖಡು ಹಂಗ ಇತ್ತು ನೋಡ್ರಿ" ಎಂದರು ದೊಡ್ಡಕ್ಕೋರು. "ಓಡಿದೆ. ಬಾಗಲಾ ತಗೀಲಿಲ್ಲ. ಕಟ್ಟಿ ಮ್ಯಾಲೆ ನಿಂತು ಒದರಿದೆ. ನಿಮಗ ಗೊತ್ತಲ್ಲ, ನನ್ನ ದನಿ ದೇವರು ಕೊಟ್ಟಾನ. ಓಣಿ ಮಂದಿ ಎಲ್ಲ ಕೂಡಿತು."

ಹುಡುಗಿ ಹೊಸ ಫ್ರಾಕು ಹಾಕಿಕೊಂಡು, ತಲೆ ಬಾಚಿಸಿಕೊಂಡು ಒಳಗೆ ಕೂತಿದ್ದಳು. ಆಕೆಗೆ ಇನ್ನೂ ಏನೂ ಆಗಿರಲಿಲ್ಲ. ಫೌಜದಾರರು ಬಂದು ಹಿಂದಿನ ಕೋಣೆ ತೆಗೆಸಿದಾಗ ಅಲ್ಲಿ ಇನ್ನಿಬ್ಬರು ದೊಡ್ಡ ಹೆಂಗಸರಿದ್ದರು. ಅವರನ್ನೂ ವರ್ಷಗಳ ಹಿಂದೆ ಹೀಗೇ ಕೂಸು ಆಡಿಸುವ ಕೆಲಸವೆಂದು ಹೇಳಿಯೇ ಕರೆದೊಯ್ದಿದ್ದರಂತೆ. ಇದನ್ನು ಹೇಳುವಾಗ ಮಾತ್ರ ದೊಡ್ಡಕ್ಕೋರ ದನಿ ಇಳಿಯಿತು.

ಹುಡುಗಿ ಬದುಕಿದಳು, ಆದರೆ ಶಾಲೆಗೆ ಬರುವುದು ನಿಂತಿತು. ಆಕೆಯ ತಾಯಿಯನ್ನು ನಾನು ಅವತ್ತೇ ನೋಡಿದೆ. ಕೈಯಲ್ಲಿ ಕುಡುಗೋಲು ಹಿಡಿದು, ಮಗಳನ್ನು ಪಕ್ಕಕ್ಕೆ ಅಂಟಿಸಿಕೊಂಡು ಶಾಲೆಯ ಮುಂದಿನಿಂದ ಹೊಲಕ್ಕೆ ಹೊರಟಿದ್ದಳು. ದೊಡ್ಡಕ್ಕೋರು ಗೇಟಿನಲ್ಲೇ ತಡೆದು ಎಷ್ಟು ಹೇಳಿದರೂ ಆಕೆಯದು ಒಂದೇ ಮಾತು. "ಆ ಬಾಗಲಾ ತೆರದಿರೂತನಕ ನನ್ನ ಮಗಳ ಈ ಸಾಲಿ ಮೆಟ್ಟೂದಿಲ್ಲ. ನಾ ಹೊಲದಾಗ ಇರ್ತೀನಿ, ಈಕಿನ್ನ ಯಾರ ಕಾಯತಾರ್ರಿ? ಬರೂ ತಿಂಗಳ ಗಂಡಿನ ಕಡೀ ಪಾವಣೇರ ನೋಡಾಕ ಬರ್ತಾರ. ಲಗ್ನಾ ಮಾಡಿ ಕೊಟ್ಟ ಬಿಡ್ತೀನಿ, ನನ್ನ ಜೀವಾ ಹಗರ ಆಗತೈತಿ." ಹದಿಮೂರು ವರ್ಷದ ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಆ ಮನೆಗೆ ಬೀಗ ಬೀಳಬೇಕಿತ್ತು, ಅದೂ ಪಾವಣೇರು ಬರುವ ಮೊದಲು. ಅಲ್ಲಿಗೆ ನನ್ನ ಕೆಲಸ ಏನು ಎಂಬುದು ನನಗೆ ಚೆನ್ನಾಗಿ ತಿಳಿಯಿತು.

ಸರಪಳಿ ಬಿಚ್ಚಿದೆವು. ನಮ್ಮ ಕಡೆಯ ಹಳೇ ಸರಪಳಿ ಮೂವತ್ತಮೂರು ಅಡಿಯದು. ಅದನ್ನು ಹದಿನಾರು ಪಾಲು ಮಾಡಿ ಒಂದೊಂದು ಪಾಲಿಗೆ ಆಣೆ ಎನ್ನುತ್ತಿದ್ದೆವು. ಮೀಟರಿನ ಟೇಪು ಬಂದಿದ್ದರೂ ಊರಿನ ನಕಾಶೆಗಳೆಲ್ಲ ಈ ಸರಪಳಿಯ ಲೆಕ್ಕದಲ್ಲೇ ಇದ್ದುದರಿಂದ ಮೊದಲು ಆಣೆಯಲ್ಲಿ ಅಳೆದು ಆಮೇಲೆ ಮೀಟರಿಗೆ ತಿರುಗಿಸುತ್ತಿದ್ದೆ. ನಾನು ಶಾಲೆಯ ಗೇಟು ದಾಟಿ, ರಸ್ತೆ ದಾಟಿ, ಆಚೆ ದಂಡೆಯ ಪಂಕ್ಚರ್ ಅಂಗಡಿಯ ಪಕ್ಕದಲ್ಲಿ ಅರ್ಧ ಹೂತಿದ್ದ ಬಾಂದುಗಲ್ಲಿನ ಹತ್ತಿರ ಹೋಗಿ ನಿಂತೆ.

"ಸರ, ನಮ್ಮ ಗೇಟ ಇಲ್ಲೈತಿ. ನೀವ ಅಲ್ಲಿಂದ ಯಾಕ ಹಿಡೀತೀರಿ?" ಎಂದು ದೊಡ್ಡಕ್ಕೋರು ಕೂಗಿ ಕೇಳಿದರು.

ನಾನು ಅವರಿಗೆ ಪಾಠ ಮಾಡಿದೆ. ಗೋಡೆ ಇವತ್ತು ಇರುತ್ತದೆ, ನಾಳೆ ಬೀಳುತ್ತದೆ. ಗೇಟನ್ನು ಯಾರೂ ಎಲ್ಲಿಗೂ ಸರಿಸಬಹುದು. ಶಾಲೆಯ ಜಾಗ ಎಲ್ಲಿಯವರೆಗಿದೆ ಎಂದು ಹೇಳುವುದು ನಕಾಶೆ ಮತ್ತು ಕಲ್ಲು ಮಾತ್ರ. ನಿಮ್ಮ ಜಾಗದಲ್ಲಿ ರಸ್ತೆ ಹೊಕ್ಕಿದೆ, ನಿಮಗೇ ಗೊತ್ತಿಲ್ಲ ಎಂದೆ. ನಲವತ್ತು ಹುಡುಗಿಯರೆದುರು ಅವರಿಗೇ ಪಾಠ ಹೇಳಿದ ಖುಷಿಯಲ್ಲಿದ್ದೆ.

ನಡುವೆ ಹಿಟ್ಟಿನ ಗಿರಣಿ ಅಡ್ಡ ಬಂತು. ಲಂಬ ಹಾಕಿ ಬಳಸಿ, ಮತ್ತೆ ಗೆರೆಗೆ ಬಂದೆವು. ಸರಪಳಿ ಮುಗಿದಲ್ಲೆಲ್ಲ ಮಾಮಾ ಕಬ್ಬಿಣದ ಕಡ್ಡಿ ನೆಟ್ಟು ಎಣಿಸುತ್ತ ಹೋದ. ಹದಿಮೂರನೆಯ ಕಡ್ಡಿಯ ಹತ್ತಿರ, ಹಿಂದೆ ತಂಬಾಕು ಕೂಡಿಡುತ್ತಿದ್ದ ಒಂದು ಹಳೇ ವಖಾರಿ. ಅದರೊಳಗಿನಿಂದ ಮಗ್ಗಿ ಹೇಳುವ ದನಿಯೂ ನಡುನಡುವೆ ಸೀನುವ ದನಿಯೂ ಕೇಳುತ್ತಿದ್ದವು. ಯಾರೋ ಮನೆಪಾಠ ಮಾಡುತ್ತಿರಬೇಕೆಂದುಕೊಂಡೆ. ಮಾವಶಿಯ ಮನೆಯ ಹೊಸ್ತಿಲಿಗೆ ಹತ್ತೊಂಬತ್ತು ಸರಪಳಿ ನಾಲ್ಕೂವರೆ ಆಣೆ ಆಯಿತು. ಗುಣಿಸಿದೆ. ನೂರಾ ತೊಂಬತ್ತನಾಲ್ಕು ಮೀಟರ್.

ದೊಡ್ಡಕ್ಕೋರು ಎರಡೂ ಕೈ ಮುಗಿದರು. ಚುರುಮುರಿ ತರಿಸಿದರು. ಮಾಮಾನಿಗೆ ಎರಡು ಸಲ ಚಹಾ. ನಾನು ಮರುದಿನವೇ ನಕಾಶೆ ಬರೆದು, ಸಹಿ ಹಾಕಿ ಫೌಜದಾರರಿಗೆ ಕಳಿಸಿದೆ.

ನಾಲ್ಕು ದಿನ ಬಿಟ್ಟು ಬೇರೊಂದು ಕೆಲಸಕ್ಕೆ ಕಪಾಟು ಹುಡುಕುವಾಗ ನನ್ನದೇ ಬಾಕಿ ಕಾಗದಗಳ ಗಂಟಿನಿಂದ ಒಂದು ಹಳದಿ ಹಾಳೆ ಕೆಳಗೆ ಬಿತ್ತು. ರಸ್ತೆ ಅಗಲ ಮಾಡುವಾಗ ಶಾಲೆಯ ಮುಂಗಡೆಯ ಪಟ್ಟಿಯನ್ನು ಸರಕಾರ ತೆಗೆದುಕೊಂಡ ಆದೇಶ ಅದು. ಅದರ ಪ್ರಕಾರ ನಕಾಶೆ ತಿದ್ದಿ, ಹೊಸ ಕಲ್ಲು ಹಾಕಿಸುವ ಕೆಲಸ ನನಗೇ ಬಂದಿತ್ತು. ನಾನು ಅದನ್ನು ಗಂಟಿನಲ್ಲಿಟ್ಟು ಮರೆತಿದ್ದೆ. ಅಂದರೆ ಪಂಕ್ಚರ್ ಅಂಗಡಿಯ ಪಕ್ಕದ ಕಲ್ಲು ಬರೀ ಕಲ್ಲು. ಶಾಲೆಯ ಜಾಗ ಈಗ ಗೇಟಿಗೇ ಮುಗಿಯುತ್ತಿತ್ತು. ದೊಡ್ಡಕ್ಕೋರು ಕೇಳಿದ್ದೇ ಸರಿ, ನಾನು ಮಾಡಿದ ಪಾಠ ತಪ್ಪು. ಗೇಟಿನಿಂದ ಹಿಡಿದರೆ ಒಂದು ಸರಪಳಿ ನಾಲ್ಕೂವರೆ ಆಣೆ ಹೆಚ್ಚು. ಇನ್ನೂರಾ ಏಳು ಮೀಟರ್.

ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. ನನ್ನ ಮೇಲೆ, ಆ ಕಲ್ಲಿನ ಮೇಲೆ, ಇನ್ನೂರು ಎಂದು ಬರೆದ ಕಾಯ್ದೆಯ ಮೇಲೆ. ಇನ್ನೂರಾ ಹತ್ತು ಎಂದು ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆಮೇಲೆ ಬಂದದ್ದು ಆಸೆ. ಹಾಳೆಯನ್ನು ಮತ್ತೆ ಗಂಟಿಗೆ ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹುಡುಗಿ ನೆಲ ನೋಡುತ್ತ ನಿಂತದ್ದು ಕಣ್ಣಿಗೆ ಕಟ್ಟಿದಂತಿತ್ತು. ಮಾಮಾನಿಗೆ ತೋರಿಸಿದೆ. ಅವನಿಗೆ ಓದಲು ಬಾರದು. ಓದಿ ಹೇಳಿದೆ.

"ಮುಚ್ಚಿ ಇಟ್ಟು, ಆಕಿ ವಕೀಲ ನಾಳಿ ಹುಡುಕಿ ತಗದಾ ಅಂದ್ರ?" ಎಂದ ಮಾಮಾ. "ಹುಡುಗಿ ಹೇಳಿದ್ದೂ ಸುಳ್ಳ, ಅಕ್ಕೋರ ಹೇಳಿದ್ದೂ ಸುಳ್ಳ ಅಂತ ಆಗತೈತ್ರಿ ಸಾಹೇಬ್ರ. ನಾ ಎಳದ ಸರಪಳಿ ಅದು. ನನಗ ಬ್ಯಾಡ."

ಅವನ ಕಾಲು ಹಿಡಿಯಬೇಕೆನಿಸಿತು. ಅದರ ಬದಲು ಬೈದೆ. ಬೈದು, ಅವನನ್ನೇ ಕರೆದುಕೊಂಡು ಹೋಗಿ ಗೇಟಿನಿಂದ ಮತ್ತೊಮ್ಮೆ ಅಳೆದೆ. ಇಪ್ಪತ್ತು ಸರಪಳಿ ಒಂಬತ್ತು ಆಣೆ. ಒಂದು ಆಣೆಯೂ ಕಡಿಮೆಯಾಗಲಿಲ್ಲ. ಮೊದಲಿನ ನಕಾಶೆ ತಪ್ಪು, ತಪ್ಪು ನನ್ನದು ಎಂದು ಬರೆದು ಠಾಣೆಗೆ ಕೊಟ್ಟೆ. ಫೌಜದಾರರು ಅದನ್ನು ಎರಡು ಸಲ ಓದಿದರು. "ನಿಮ್ಮಂಥಾ ಪ್ರಾಮಾಣಿಕರು ಸ್ವಲ್ಪ ಮೊದಲ ಪ್ರಾಮಾಣಿಕ ಆಗಬೇಕಿತ್ತ ನೋಡ್ರಿ" ಎಂದರು.

ದೊಡ್ಡಕ್ಕೋರಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲಿನ ಹಾಜರಿ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿದರು, ಮತ್ತೆ ಕೆಡವಿ ಜೋಡಿಸಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಸಾಲಿ ಅಂದ್ರ ಕಾಯ್ದೇದಾಗ ಏನ್ರಿ ಸರ? ಕಟ್ಟಡಾ ಏನು ಹುಡುಗ್ರು?"

"ಯಾಕ್ರಿ?"

"ಬರ್ರಿ."

ಅವರು ನನ್ನನ್ನು ಕರೆದುಕೊಂಡು ಹೋದದ್ದು ಆ ತಂಬಾಕಿನ ವಖಾರಿಗೆ. ಬಾಗಿಲು ತಳ್ಳಿದರು. ಒಳಗೆ ಗೋಣಿತಟ್ಟಿನ ಮೇಲೆ ಮೂವತ್ತು ಮಂದಿ ಸಣ್ಣ ಹುಡುಗಿಯರು, ಗೋಡೆಗೆ ಒರಗಿಸಿದ, ಬರೆಯುವ ಕರಿ ಫಳಿ, ಒಬ್ಬ ಕಿರಿಯ ಶಿಕ್ಷಕಿ. ಮೂರನೇ ಇಯತ್ತೆ. ನಾನು ಒಳಗೆ ಕಾಲಿಟ್ಟವನೇ ನಾಲ್ಕು ಸಲ ಸೀನಿದೆ. ಹುಡುಗಿಯರು ನಕ್ಕರು.

ಶಾಲೆಯಲ್ಲಿ ಕೋಣೆ ಸಾಲದೆ, ಸತ್ತುಹೋದ ವ್ಯಾಪಾರಿಯ ಹೆಂಡತಿಯನ್ನು ಕೇಳಿ ಬಾಯಿಮಾತಿನ ಮೇಲೆ ಕೀಲಿ ಪಡೆದು ನಾಲ್ಕು ವರ್ಷದಿಂದ ಅಲ್ಲಿ ವರ್ಗ ನಡೆಸುತ್ತಿದ್ದರು. ಇಲಾಖೆಯ ಅಪ್ಪಣೆ ಇರಲಿಲ್ಲ. ಕೋಣೆ ಇಲ್ಲ ಎಂದು ಬರೆದರೆ ವರ್ಗವನ್ನೇ ಬೇರೆ ಊರಿಗೆ ಸೇರಿಸುತ್ತಾರೆ, ಆಗ ಈ ಹುಡುಗಿಯರಲ್ಲಿ ಅರ್ಧ ಮಂದಿ ಮನೆಯಲ್ಲೇ ಉಳಿಯುತ್ತಾರೆ ಎಂದು ಎಲ್ಲ ವರ್ಗಗಳೂ ಮೂಲ ಕಟ್ಟಡದಲ್ಲೇ ಇವೆ ಎಂದು ವರ್ಷವರ್ಷ ವರದಿ ಕಳಿಸಿದ್ದರು. ತಪಾಸಣೆಯ ದಿನ ಮೂವತ್ತು ಮಂದಿಯನ್ನೂ ಸಾಲಾಗಿ ನಡೆಸಿ ಮೂಲ ಶಾಲೆಯ ಪಡಸಾಲೆಯಲ್ಲಿ ಒತ್ತಿ ಕೂರಿಸುವುದು. ಯಾರಾದರೂ ಕೈಯಲ್ಲಿ ಫೈಲು ಹಿಡಿದು ಊರಿಗೆ ಬಂದರೆ ವಖಾರಿಯ ಮಾತೇ ಎತ್ತಬಾರದು ಎಂಬುದು ಎಲ್ಲ ಶಿಕ್ಷಕಿಯರಿಗೂ ಎಷ್ಟು ರೂಢಿಯಾಗಿತ್ತೆಂದರೆ, ನಾನು ಸರಪಳಿ ಹಿಡಿದು ಅದರ ಮುಂದೆಯೇ ಹಾದುಹೋದಾಗಲೂ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ನಾನೂ ಫೈಲಿನವನೇ ತಾನೆ.

"ಇದನ್ನ ಕೋರ್ಟಿನಾಗ ಹೇಳಿದ್ರ ನಾಲ್ಕ ವರ್ಷದ ಸುಳ್ಳ ವರದಿ ನಿಮ್ಮ ಮ್ಯಾಲೆ ಬರತೈತ್ರಿ" ಎಂದೆ. "ನಿಮ್ಮ ನೌಕರಿ ಇನ್ನ ಎಷ್ಟೈತಿ?"

"ಹದಿನಾಲ್ಕ ತಿಂಗಳಾ." ಅವರು ಒಬ್ಬ ಹುಡುಗಿಯ ಪಾಟಿಯ ಮೇಲೆ ತಪ್ಪು ಬರೆದಿದ್ದ ಅಕ್ಷರವನ್ನು ಬೆರಳಿನಿಂದ ಒರೆಸಿ ತಿದ್ದಿದರು. "ನೀವ ನಿಮ್ಮ ತಪ್ಪ ಬರದ ಕೊಟ್ಟ ಬಂದ್ರಿ. ನಾ ಹಿಂದ ಉಳೀಲೇನ? ಸರಪಳಿ ಬಿಚ್ಚರಿ."

ವಖಾರಿಯ ಬಾಗಿಲಿನಿಂದ ಮಾವಶಿಯ ಹೊಸ್ತಿಲಿಗೆ ಆರು ಸರಪಳಿ ಒಂದು ಆಣೆ. ಅರವತ್ತೊಂದು ಮೀಟರ್. ನಾನು ಮೂರು ಸಲ ಅಳೆದೆ. ಟೇಪಿನಿಂದ ನಾಲ್ಕನೆಯ ಸಲ. ಮಾಮಾ ಒಮ್ಮೆಯೂ ಬೇಸರಿಸಲಿಲ್ಲ.

ಚಿಕ್ಕೋಡಿಯ ಕೋರ್ಟಿನಲ್ಲಿ ಮನೆ ಮುಚ್ಚಿಸುವ ಅರ್ಜಿ ವಿಚಾರಣೆಗೆ ಬಂತು. ಪಾವಣೇರು ಬರಲು ಹತ್ತು ದಿನ ಉಳಿದಿತ್ತು. ಮಾವಶಿಯ ವಕೀಲರು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಮೂರು ನಕಾಶೆಗಳನ್ನೂ ಎತ್ತಿ ಹಿಡಿದರು. ಮೊದಲು ನೂರಾ ತೊಂಬತ್ತನಾಲ್ಕು, ಆಮೇಲೆ ಇನ್ನೂರಾ ಏಳು, ಈಗ ಅರವತ್ತೊಂದು. ಈ ಭೂಮಾಪಕರ ಊರಿನಲ್ಲಿ ಮನೆಗಳಿಗೆ ಕಾಲು ಇವೆಯೇ ಎಂದರು. ಕೋರ್ಟು ನಕ್ಕಿತು. ಮೊದಲನೆಯದು ನನ್ನ ತಪ್ಪು, ಎರಡನೆಯದು ಗೇಟಿನಿಂದ, ಮೂರನೆಯದು ಮೂರನೇ ಇಯತ್ತೆಯಿಂದ ಎಂದು ಹೇಳಿದೆ. ಹೇಳಿದ್ದನ್ನೇ ಮೂರು ಸಲ ಹೇಳಿಸಿದರು. ಮೂರು ಸಲವೂ ಅದನ್ನೇ ಹೇಳಿದೆ.

ದೊಡ್ಡಕ್ಕೋರು ನಾಲ್ಕು ವರ್ಷದ ಹಾಜರಿ ಪುಸ್ತಕಗಳನ್ನು ಹೊತ್ತು ತಂದಿದ್ದರು. ಪ್ರತಿ ತಿಂಗಳ ಪುಟದ ಮೂಲೆಯಲ್ಲೂ ಸೀಸದಕಡ್ಡಿಯಿಂದ "ವಖಾರಿ" ಎಂದು ಸಣ್ಣಗೆ ಬರೆದಿತ್ತು. ಸುಳ್ಳು ವರದಿ ಕಳಿಸುತ್ತಿದ್ದ ಅದೇ ಕೈ ತನ್ನ ಪುಸ್ತಕದಲ್ಲಿ ಮಾತ್ರ ಸುಳ್ಳು ಬರೆಯಲಾರದೆ ಹೋಗಿತ್ತು. ಅಪ್ಪಣೆ ಇಲ್ಲದ ವಖಾರಿ ಶಾಲೆ ಹೇಗಾಗುತ್ತದೆ ಎಂದು ವಕೀಲರು ಕೇಳಿದರು.

"ತಪ್ಪ ನಂದ್ರಿ ಸಾಹೇಬ್ರ, ಶಿಕ್ಷಾ ಕೊಡ್ರಿ" ಎಂದರು ದೊಡ್ಡಕ್ಕೋರು ಮ್ಯಾಜಿಸ್ಟ್ರೇಟರಿಗೆ. "ಆದ್ರ ಅಲ್ಲಿ ಕೂತ ಹುಡುಗ್ರು ಓದಾಕ ಬರಲಾರದವರು ಅಂತ ಯಾರರ ಹೇಳಿದ್ರ ನಾ ಒಪ್ಪೂದಿಲ್ಲ. ನೀವ ಬಂದ ನೋಡ್ರಿ."

ಅವರು ಬಂದೇ ಬಂದರು. ಮೂರು ದಿನ ಬಿಟ್ಟು, ಎರಡೂ ಕಡೆಯ ವಕೀಲರನ್ನು ಕರೆದುಕೊಂಡು, ಸ್ಥಳ ನೋಡಲು. ವಖಾರಿಯ ಒಳಗೆ ಹೋದರು. ಬಾಯಿ ತೆರೆಯುವ ಮೊದಲೇ ಸೀನಿದರು. ಕರವಸ್ತ್ರ ತೆಗೆದು ಮತ್ತೆ ಸೀನಿದರು. ಮಾವಶಿಯ ವಕೀಲರೂ ಸೀನಿದರು. ಮುಂದಿನ ಸಾಲಿನ ಒಬ್ಬ ಪುಟ್ಟ ಹುಡುಗಿ ಎದ್ದು ನಿಂತು ಕನಿಕರದಿಂದ, "ಒಂದ ತಿಂಗಳ ಆತಂದ್ರ ರೂಢಿ ಆಗತೈತ್ರಿ ಸಾಹೇಬ್ರ" ಎಂದಳು. ಅವರು ಆಕೆಯ ಕೈಗೆ ಪುಸ್ತಕ ಕೊಟ್ಟು ಒಂದು ಪುಟ ಓದಿಸಿದರು. ಆಕೆ ಎಲ್ಲೂ ನಿಲ್ಲದೆ ಓದಿದಳು. ಆ ಪುಟಾಣಿಯನ್ನು ಎತ್ತಿಕೊಳ್ಳಬೇಕೆನ್ನುವಷ್ಟು ಪ್ರೀತಿ ಉಕ್ಕಿತು ನನಗೆ. ಮ್ಯಾಜಿಸ್ಟ್ರೇಟರು ನನ್ನತ್ತ ತಿರುಗಿ, ಇಲ್ಲಿಂದ ಅಳೆಯಿರಿ, ನಾನು ನೋಡಬೇಕು ಎಂದರು. ಮಾಮಾ ಎಣಿಸುತ್ತ ನಡೆದ. ಅವರು ಕಡ್ಡಿಯಿಂದ ಕಡ್ಡಿಗೆ ಅವನ ಹಿಂದೆಯೇ ನಡೆದರು. ಆರು ಸರಪಳಿ ಒಂದು ಆಣೆ.

ಆದೇಶ ಮರುದಿನ ಬಂತು. ಮಕ್ಕಳು ದಿನಾಲೂ ಕೂತು ಕಲಿಯುವ ಜಾಗ ಶಾಲೆಯೇ. ಏಳು ದಿನದೊಳಗೆ ಮನೆ ಖಾಲಿಯಾಗಬೇಕು. ಏಳು ವರ್ಷದ ಶಿಕ್ಷೆಯ ದೊಡ್ಡ ಕಲಮಿನ ಮೇಲೆ ಮಾವಶಿಯ ಖಟ್ಲೆ ಬೇರೆ ನಡೆಯುವುದು. ಐದನೆಯ ದಿನ ಫೌಜದಾರರು ನಿಂತು ಬೀಗ ಹಾಕಿಸಿ ಅರಗು ಒತ್ತಿಸಿದರು. ಅದೇ ವಾರ ದೊಡ್ಡಕ್ಕೋರಿಗೆ ಇಲಾಖೆಯಿಂದ ನೋಟಿಸು ಬಂತು. ಅವರು ಅದನ್ನು ನನಗೂ ಓದಲು ಕೊಟ್ಟರು. "ಕಾಗುಣಿತ ಎರಡ ಕಡೆ ತಪ್ಪೈತಿ" ಎಂದರು. ಮುಂದೆ ಅವರ ವೇತನ ಬಡ್ತಿ ತಡೆದರು. ವಖಾರಿಯ ವರ್ಗಕ್ಕೆ ಮಾತ್ರ ಅಪ್ಪಣೆ ಕೊಟ್ಟರು.

ಬೀಗ ಬಿದ್ದ ಮರುದಿನದಿಂದ, ಗಂಟಿನಲ್ಲಿ ಮರೆತಿದ್ದ ಕೆಲಸ ಮುಗಿಸಲು, ಶಾಲೆಯ ಗೇಟಿನ ಗುಂಟ ಹೊಸ ಕಲ್ಲು ನೆಡಿಸಲು, ನಾನು ಮಾಮಾನ ಜೊತೆ ಆ ಊರಿನಲ್ಲಿ ಮೂರು ದಿನ ಇದ್ದೆ. ಮೊದಲ ದಿನ ಬೆಳಿಗ್ಗೆ ಆ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಮಾವಶಿಯ ಮನೆಯ ಮುಂದೆ ನಿಂತು ಬೀಗವನ್ನು ಕೈಯಿಂದ ಜಗ್ಗಿ ನೋಡಿ ಬಂದಿದ್ದಳು. "ಪಾವಣೇರಿಗೆ ಬರಬ್ಯಾಡಂತ ಹೇಳಿ ಕಳಿಸೇನ್ರಿ" ಎಂದಳು. ದೊಡ್ಡಕ್ಕೋರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಎರಡ ತಿಂಗಳಿನ ಮನಿಪಾಠ ಬಾಕಿ ಐತಿ, ನಡಿ ಒಳಗ" ಎಂದು ಗದರಿದರು. ಗದರುತ್ತಲೇ ಅವರ ಕಣ್ಣು ತುಂಬಿತು. ನನ್ನದೂ.

ತಾಯಿ ಆ ದಿನ ಹೊಲಕ್ಕೆ ಹೋಗಲಿಲ್ಲ. ಗೇಟಿನ ಹೊರಗೆ, ನಾವು ನೆಡುತ್ತಿದ್ದ ಕಲ್ಲಿನ ಪಕ್ಕ, ಶಾಲೆ ಬಿಡುವ ತನಕ ಕೂತಿದ್ದಳು. ಎರಡನೆಯ ದಿನ ಮಧ್ಯಾಹ್ನದವರೆಗೆ ಕೂತಳು, ಮೂರು ಸಲ ಎದ್ದು ಕಿಟಕಿಯಲ್ಲಿ ಇಣುಕಿದಳು. ಮೂರನೆಯ ದಿನ ಕುಡುಗೋಲು ಹಿಡಿದೇ ಬಂದಳು. ಗೇಟಿನಲ್ಲಿ ಮಗಳ ಕೈ ಬಿಟ್ಟು, ಕಬ್ಬಿನ ಹೊಲದ ಹಾದಿ ಹಿಡಿದು ನಡೆದಳು. ಆಕೆ ತಿರುಗಿ ನೋಡುತ್ತಾಳೆಂದು ನಾನೂ ಮಾಮಾನೂ ಕೆಲಸ ನಿಲ್ಲಿಸಿ ಕಾದೆವು. ಆಕೆ ನೋಡಲಿಲ್ಲ.